ದುಡ್ಡು ಕೊಟ್ಟು ತಂದ ಕತ್ತಲೆ

ಬಾಳೆಗುಳಿಗೆ ಹೋಗಿಬಂದೆ ಎನ್ನುವವರು ಸಿಗುವುದು ಅಪರೂಪ. ಬಾಳೆಗುಳಿಯಲ್ಲಿ ಇಳಿದೆ, ಬಾಳೆಗುಳಿಯಲ್ಲಿ ಹತ್ತಿದೆ, ಬಾಳೆಗುಳಿಯಲ್ಲಿ ತಿರುಗಿದೆ ಎನ್ನುವವರೇ ಎಲ್ಲ. ಹುಬ್ಬಳ್ಳಿಯಿಂದ ಹೊರಟ ರಸ್ತೆ ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು, ರಾಮನಗುಳಿ, ಸುಂಕಸಾಳ, ಅಗಸೂರು ಎಂದು ಒಂದೊಂದೇ ಊರನ್ನು ಹಿಂದೆ ಹಾಕುತ್ತ ಬಂದು ಇಲ್ಲಿ ಕರಾವಳಿಯ ಹೆದ್ದಾರಿಗೆ ಕೂಡುತ್ತದೆ. ಎಡಕ್ಕೆ ಹೊರಳಿದರೆ ಕುಮಟೆ, ಬಲಕ್ಕೆ ಕಾರವಾರ. ಸರಕಾರದ ಕಾಗದದಲ್ಲಿ ಇದೇನು ಸಣ್ಣ ಜಾಗವಲ್ಲ. ಪಂಜಾಬಿನ ಸಂಗರೂರಿನಲ್ಲಿ ಹುಟ್ಟಿದ 52ನೇ ನಂಬರಿನ ರಾಷ್ಟ್ರೀಯ ಹೆದ್ದಾರಿ ಜೈಪುರ, ಇಂದೋರ್, ಸೊಲ್ಲಾಪುರ, ವಿಜಯಪುರಗಳನ್ನೆಲ್ಲ ಮಾತಾಡಿಸಿಕೊಂಡು ಎರಡು ಸಾವಿರಕ್ಕೂ ಹೆಚ್ಚು ಕಿಲೋಮೀಟರು ಬಂದು ಕೊನೆ ಉಸಿರೆಳೆಯುವುದು ನಮ್ಮ ಅಂಕೋಲೆಯ ಮಗ್ಗುಲಲ್ಲಿ. ಅಷ್ಟು ದೊಡ್ಡ ರಸ್ತೆ ಮುಗಿಯಿತು ಎಂಬ ಖಬರು ಲಾರಿಯವರಿಗೆ ಇಲ್ಲ; ಬ್ಲಿಂಕರ್ ಹಾಕಿ ತಿರುಗಿಬಿಡುತ್ತಾರೆ. ನಮ್ಮವರಿಗಂತೂ ಹೊಸ ನಂಬರುಗಳು ಇನ್ನೂ ಬಾಯಿಗೆ ಬಂದಿಲ್ಲ. ಒಂದು ಸೆವೆಂಟೀನು, ಇನ್ನೊಂದು ಸಿಕ್ಸ್‌ಟಿ ತ್ರೀ.

ಇಂಥ ಕಡೆ ನಾನು ಮೂರು ಕಾಲಿನ ಸ್ಟ್ಯಾಂಡು ನೆಟ್ಟುಕೊಂಡು ನಿಲ್ಲುವಂತಾದದ್ದು ನನ್ನ ಅಳಿಯನ ದೆಸೆಯಿಂದ. ಅಳಿಯ ಎಂದರೆ ತಂಗಿಯ ಮಗ. ಬೆಂಗಳೂರಿನಲ್ಲಿ ಕಂಪ್ಯೂಟರಿನ ಕೆಲಸ, ತಲೆಯಲ್ಲಿ ಕ್ಯಾಮೆರಾದ ಹುಚ್ಚು. ಆ ಹುಚ್ಚು ಫೋಟೋ ತೆಗೆಯುವುದಕ್ಕಿಂತ ಅದರ ಸಾಮಾನು ಕೊಳ್ಳುವುದರಲ್ಲೇ ಹೆಚ್ಚು ತಣಿಯುತ್ತದೆ. ಹೊಸದು ಬಂತೆಂದರೆ ಹಳೆಯದು ಸೋದರಮಾವನ ಪಾಲಿಗೆ. ನನ್ನ ಕ್ಯಾಮೆರಾ, ಲೆನ್ಸು, ಹೆಗಲ ಚೀಲ ಎಲ್ಲ ಹೀಗೆ ಬಂದವೇ. ಈ ಸಲ ರಜೆಗೆ ಬಂದವನು ಒಂದು ಪುಟ್ಟ ಡಬ್ಬಿ ಕೈಗಿಟ್ಟ. ಒಳಗೆ ಮೆತ್ತನೆಯ ಬಟ್ಟೆ, ಬಟ್ಟೆಯೊಳಗೆ ಒಂದು ಗಾಜಿನ ಬಿಲ್ಲೆ, ಬಿಲ್ಲೆಯ ಸುತ್ತ ತೆಳ್ಳಗಿನ ಅಲ್ಯುಮಿನಿಯಂ ಉಂಗುರ. ಕಿಟಕಿಗೆ ಹಿಡಿದು ನೋಡಿದೆ, ಏನೂ ಕಾಣಲಿಲ್ಲ. ಟ್ಯೂಬ್‌ಲೈಟಿಗೆ ಹಿಡಿದರೆ ಒಂದು ಮಂಕು ಗೆರೆ.

"ಇದು ಎನ್‌ಡಿ ಫಿಲ್ಟರು ಮಾಮಾ. ಲೆನ್ಸಿನ ಮುಂದೆ ತಿರುಪಿದ್ರೆ ಬೆಳಕು ಕಡಿಮೆ ಆಗ್ತದೆ."

"ಎಷ್ಟು ಕೊಟ್ಟೆ?"

ಹೇಳಿದ. ಅಡುಗೆಮನೆಯಲ್ಲಿದ್ದ ತಂಗಿಯ ಕಿವಿಗೂ ಬಿತ್ತು.

"ಕರೆಂಟು ಹೋದ್ರೆ ಪುಕ್ಕಟೆ ಸಿಗ್ತದಲ್ಲೋ" ಎಂದಳು.

ಅವಳ ಮಾತನ್ನು ತಳ್ಳಿಹಾಕುವಂತಿಲ್ಲ. ಫೋಟೋಗ್ರಫಿ ಹುಟ್ಟಿದಾಗಿನಿಂದ ಜನ ಒದ್ದಾಡಿದ್ದೆಲ್ಲ ಬೆಳಕು ಸಾಲದು ಎಂದೇ. ಸ್ಟುಡಿಯೋಗಳಿಗೆ ಗಾಜಿನ ಮಾಡು ಹಾಕಿಸಿದರು, ಮೆಗ್ನೀಸಿಯಂ ಪುಡಿ ಸುಟ್ಟು ಹೊಗೆ ಕುಡಿದರು, ಕೂತವರ ತಲೆ ಅಲ್ಲಾಡದಂತೆ ಹಿಂದಿನಿಂದ ಕಬ್ಬಿಣದ ಇಕ್ಕಳ ಕೊಟ್ಟು ನಿಲ್ಲಿಸಿದರು. ಅಜ್ಜಂದಿರ ಕಾಲದ ಫೋಟೋಗಳಲ್ಲಿ ಯಾರೂ ನಗದಿರುವುದಕ್ಕೆ ಗಾಂಭೀರ್ಯವೊಂದೇ ಕಾರಣವಿರಲಾರದು. ಇಷ್ಟೆಲ್ಲ ಪಡಿಪಾಟಲು ಪಟ್ಟು, ಲೆನ್ಸು ಹಿಗ್ಗಿಸಿ, ಫಿಲ್ಮು ಚುರುಕು ಮಾಡಿ, ಕೊನೆಗೆ ಸೆಕೆಂಡಿನ ಸಾವಿರದ ಒಂದು ಪಾಲಿನಲ್ಲಿ ಚಿತ್ರ ಹಿಡಿಯುವ ಯಂತ್ರ ಕೈಗೆ ಬಂದಮೇಲೆ, ಅದರ ಮುಂದೆ ಕಪ್ಪು ಗಾಜು ಇಡುವವರು ಬಂದರು!

ಗಾಜಿನ ಕೆಲಸ ಮಾತ್ರ ಸರಳ. ಕೆಂಪು, ಹಸಿರು, ನೀಲಿ ಎಂದು ಮುಖ ನೋಡಿ ಮಣೆ ಹಾಕದೆ ಎಲ್ಲ ಬಣ್ಣವನ್ನೂ ಸಮನಾಗಿ ತಡೆಯಬೇಕು. ಒಂದು ಸ್ಟಾಪ್ ಎಂದರೆ ಬೆಳಕು ಅರ್ಧ, ಎರಡು ಸ್ಟಾಪ್ ಎಂದರೆ ಕಾಲು. ಅಳಿಯ ತಂದದ್ದು ಹತ್ತು ಸ್ಟಾಪಿನದು. ಹತ್ತು ಸಲ ಅರ್ಧ ಮಾಡುತ್ತ ಹೋದರೆ ಉಳಿಯುವುದು 1024ರಲ್ಲಿ ಒಂದು ಪಾಲು. ತಯಾರಿಸಿದವರು ಡಬ್ಬಿಯ ಮೇಲೆ ಎನ್‌ಡಿ 1000 ಎಂದು ಅಚ್ಚು ಹಾಕಿ ಬಾಕಿ 24ನ್ನು ನಮಗೇ ಬಿಟ್ಟಿದ್ದಾರೆ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 3.0 ಎಂದೂ ಇದೆ. ಅದು ಸಾವಿರದ ಲಾಗರಿದಮ್. ಜೀವಮಾನವಿಡೀ ಹೈಸ್ಕೂಲಿನಲ್ಲಿ ಲಾಗರಿದಮ್ ಕಲಿಸಿದವ ನಾನು. "ಇದು ಮುಂದೆ ಎಲ್ಲಿ ಉಪಯೋಗಕ್ಕೆ ಬರ್ತದೆ ಸರ್?" ಎಂದು ವರ್ಷಕ್ಕೊಬ್ಬ ಹುಡುಗನಾದರೂ ಕೇಳುತ್ತಿದ್ದ. ಉತ್ತರ ಸಿಗುವ ಹೊತ್ತಿಗೆ ನಾನು ಪೆನ್ಶನ್ನಿನವನಾಗಿದ್ದೇನೆ, ಹುಡುಗರು ದುಬೈಯಲ್ಲಿದ್ದಾರೆ.

ಚುರುಕು ಬಿಸಿಲಿಗೆ ಹಳೆಯ ಫೋಟೋಗ್ರಾಫರುಗಳದ್ದೊಂದು ಬಾಯಿಲೆಕ್ಕವಿದೆ: ಎಫ್ 16ಕ್ಕೆ ಇಟ್ಟರೆ, ಐಎಸ್‌ಒ 100ಕ್ಕೆ ಸೆಕೆಂಡಿನ ನೂರನೇ ಒಂದು ಪಾಲು ಸಾಕು. ಈ ಗಾಜು ತಿರುಪಿದರೆ ಅದೇ ಚಿತ್ರಕ್ಕೆ ಹತ್ತು ಸೆಕೆಂಡು ಬೇಕು. ಸಂಜೆಯಾಗುತ್ತ, ಬರಿ ಲೆನ್ಸಿಗೇ ಎಂಟನೇ ಒಂದು ಸೆಕೆಂಡು ಬೇಕಾಗುವ ಹೊತ್ತಿಗೆ ಎರಡು ನಿಮಿಷ ದಾಟುತ್ತದೆ. ಗಾಜು ಹಾಕಿದಮೇಲೆ ಕ್ಯಾಮೆರಾಕ್ಕೂ ಕಣ್ಣು ಕಾಣುವುದಿಲ್ಲವಾದ್ದರಿಂದ ಫೋಕಸ್ ಎಲ್ಲ ಮೊದಲೇ ಮಾಡಿ ಬಿಗಿ ಮಾಡಿಟ್ಟುಕೊಳ್ಳಬೇಕು. ಕಣ್ಣಿಡುವ ಕಿಂಡಿಯಿಂದ ಬೆಳಕು ನುಸುಳದಂತೆ ಬಟ್ಟೆ ಮುಚ್ಚಬೇಕು. ಮೂವತ್ತು ಸೆಕೆಂಡು ಮೀರಿದರೆ ಬಲ್ಬ್ ಎಂಬಲ್ಲಿಗೆ ತಿರುಗಿಸಿ ಗಡಿಯಾರ ನೋಡುತ್ತ ನಿಲ್ಲಬೇಕು. ಎರಡು ನಿಮಿಷ ತೆಗೆದಾದಮೇಲೆ ಕ್ಯಾಮೆರಾ ಇನ್ನೆರಡು ನಿಮಿಷ ಬಾಗಿಲು ಹಾಕಿಕೊಂಡು ತನ್ನ ಚಿತ್ರದ ಕಲೆಗಳನ್ನು ತಾನೇ ಒರೆಸಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಅದನ್ನು ಮಾತಾಡಿಸುವಂತಿಲ್ಲ.

ಎಲ್ಲರೂ ಮೊದಲು ಸಮುದ್ರಕ್ಕೆ ಹೋಗುತ್ತಾರೆ, ನಾನೂ ಹೋದೆ. ಕೇಣಿಯ ದಂಡೆ, ನೀರು ಏರುವ ಹೊತ್ತು. ಸ್ಟ್ಯಾಂಡು ನೆಟ್ಟು ಕಾಲುಗಳನ್ನು ಹೊಯಿಗೆಯಲ್ಲಿ ಒತ್ತುವಷ್ಟರಲ್ಲಿ ಜನ ಸೇರಿದರು. ನಮ್ಮ ಸೀಮೆಯಲ್ಲಿ ಮೂರು ಕಾಲಿನ ಸ್ಟ್ಯಾಂಡಿಗೆ ಇರುವುದು ಒಂದೇ ಅರ್ಥ. ಸೀಬರ್ಡ್ ನೌಕಾನೆಲೆಗೆಂದು ಊರೂರೇ ಎದ್ದುಹೋಗುವ ಮೊದಲು ಬಂದದ್ದು ಅದು. ಕೊಂಕಣ ರೈಲಿಗೆ ಬಂದದ್ದು ಅದು. ಹೆದ್ದಾರಿ ಅಗಲವಾಗುವ ಮೊದಲು, ಯಾರ ಮನೆಯ ಜಗಲಿ ಎಲ್ಲಿಯವರೆಗೆ ಉಳಿಯುತ್ತದೆಂದು ನೋಡಲು ಬಂದದ್ದೂ ಅದೇ. ದಿನಕರ ದೇಸಾಯಿಯವರು ಹುಟ್ಟಿದ ಅಲಗೇರಿಯಲ್ಲಿ ವಿಮಾನ ನಿಲ್ದಾಣದ ಅಳತೆ. ಕೇಣಿಯಲ್ಲಂತೂ ಬಂದರಿನ ಮಾತು ಬಿಸಿಬಿಸಿಯಾಗಿಯೇ ಇದೆ.

"ಎಷ್ಟು ಹೋಗ್ತದೆ?" ಎಂದ ಲುಂಗಿಯವನೊಬ್ಬ.

"ಎಂತದು?"

"ಜಾಗ."

ಫೋಟೋ ತೆಗೆಯುತ್ತಿದ್ದೇನೆ ಎಂದೆ. ಯಾರೂ ನಂಬಲಿಲ್ಲ. ಫೋಟೋ ತೆಗೆಯುವವನು ಕ್ಯಾಮೆರಾಕ್ಕೆ ಕಣ್ಣು ಹಚ್ಚುತ್ತಾನೆ. ಇವ ನೋಡಿದರೆ ಕ್ಯಾಮೆರಾಕ್ಕೆ ಕರವಸ್ತ್ರ ಹೊದೆಸಿ ವಾಚು ನೋಡುತ್ತಾನೆ. ಒಬ್ಬ ಫೋನು ತೆಗೆದು ಯಾರಿಗೋ ಹಚ್ಚುವುದರಲ್ಲಿದ್ದ. ಅಷ್ಟರಲ್ಲಿ ಚಿತ್ರ ಬಂತು. ಪರದೆಯನ್ನು ಅವರ ಕಡೆ ತಿರುಗಿಸಿದೆ. ತೆರೆ ಇಲ್ಲ, ನೊರೆ ಇಲ್ಲ, ಬಂಡೆಗಳ ಬುಡದಲ್ಲಿ ಬೆಳ್ಳಗೆ ಏನೋ ನಿಂತಿದೆ. ಬಲೆಯಿಂದ ಏಡಿ ಬಿಡಿಸುತ್ತ ಕೂತಿದ್ದ ಹೆಂಗಸು ಕತ್ತು ಚಾಚಿ ನೋಡಿದಳು.

"ಸಮುದ್ರ ಎಲ್ಲದೆ ಇದ್ರಲ್ಲಿ? ಗಂಜಿ ತಿಳಿ ಚೆಲ್ದಾಂಗೆ ಕಾಣ್ತದೆ."

ಇದಕ್ಕಿಂತ ಒಳ್ಳೆಯ ವಿಮರ್ಶೆ ಯಾವ ಪತ್ರಿಕೆಯಲ್ಲೂ ಬಂದಂತಿಲ್ಲ. ಕಪ್ಪು ಗಾಜು ಕಂಡವರೆಲ್ಲ ನೀರಿನ ಹಿಂದೆ ಬೀಳುತ್ತಾರೆ. ನಮ್ಮ ತಾಲೂಕಿನದೇ ವಿಭೂತಿ ಜಲಪಾತದ ಬುಡದಲ್ಲಿ ಭಾನುವಾರ ಸ್ಟ್ಯಾಂಡುಗಳ ಸಂತೆ. ಎಲ್ಲರ ಚಿತ್ರದಲ್ಲೂ ನೀರು ಬೆಳ್ಳನೆ ದಾರ; ವಿಭೂತಿಯೋ ಮಾಗೋಡೋ ಎಂದು ಕೆಳಗೆ ಬರೆದಿದ್ದರೆ ಮಾತ್ರ ತಿಳಿಯಬೇಕು. ಬೀಳುವ ನೀರಿನಿಂದ ಬೀಳುವುದನ್ನೇ ತೆಗೆದಮೇಲೆ ಅದು ಯಾವ ಊರಿನದಾದರೇನು? ತೆರೆ ಇಲ್ಲದ ಕೇಣಿಯ ಕಡಲು ನನಗೂ ಬೇಡವೆನಿಸಿತು.

ಸ್ಟ್ಯಾಂಡು ಮಡಚಿ ಗಾಜು ಬಿಚ್ಚಲು ಹೋದರೆ ಅದು ಜಪ್ಪಯ್ಯ ಎಂದರೂ ಬರಲಿಲ್ಲ. ಬಿಸಿಲಿಗೆ ಉಂಗುರ ಹಿಗ್ಗಿ ಲೆನ್ಸಿನ ಹಲ್ಲಿಗೆ ಕಚ್ಚಿಕೊಂಡಿತ್ತು. ಮನೆಯಲ್ಲಿ ತಂಗಿ ಉಪ್ಪಿನಕಾಯಿ ಭರಣಿಯ ಮುಚ್ಚಳಕ್ಕೆ ಮಾಡುವ ಉಪಚಾರವನ್ನೆಲ್ಲ ಮಾಡಿದಳು. ಅಳಿಯನಿಗೆ ಫೋನು ಹಚ್ಚಿದರೆ "ಯೂಟ್ಯೂಬ್ ನೋಡಿ ಮಾಮಾ" ಎಂದ. ನಾನು ಬಾಳೆಗುಳಿ ಕ್ರಾಸಿನ ಪಂಕ್ಚರ್ ಅಂಗಡಿಗೆ ಹೋದೆ. ಹುಬ್ಬಳ್ಳಿಯಿಂದ ಇಳಿಯುವ ಲಾರಿಗಳ ಚಕ್ರದ ನಟ್ಟು ಬಿಚ್ಚುವವನಿಗೆ ಇದೆಂಥ ಲೆಕ್ಕ ಎಂಬ ಧೈರ್ಯ. ಹುಡುಗ ಪಾನಾ ತರುತ್ತಾನೆಂದು ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಅವನು ಪಾನಾ ಮುಟ್ಟಲೇ ಇಲ್ಲ. ಹಳೇ ಟ್ಯೂಬಿನಿಂದ ಎರಡು ಬೆರಳಗಲದ ರಬ್ಬರು ಕತ್ತರಿಸಿ ಉಂಗುರಕ್ಕೆ ಸುತ್ತಿದ, ಅಂಗೈಯನ್ನು ಅದರ ಮೇಲೆ ಚಪ್ಪಟೆಯಾಗಿ ಇಟ್ಟ, ಬಾಗಿಲ ಗುಬಟು ತಿರುಗಿಸುವಷ್ಟೇ ಹಗುರಾಗಿ ತಿರುಗಿಸಿದ. ಬಂತು.

"ಗಟ್ಟಿ ಹಿಡೂಕಾಗ ಸರ್. ಗಟ್ಟಿ ಹಿಡದ್ರೆ ರಿಂಗು ಒತ್ತಿ ಮತ್ತೂ ಕಚ್ತದೆ."

ಗಾಜನ್ನು ಆಕಾಶಕ್ಕೆ ಹಿಡಿದು ನೋಡಿದವನು ಪಕ್ಕದ ವೆಲ್ಡಿಂಗಿನವನನ್ನು ಕರೆದ. ಅವನು ತನ್ನ ಮುಖವಾಡದ ಗಾಜನ್ನೇ ಕಳಚಿಕೊಂಡು ಬಂದ. ಎರಡನ್ನೂ ಒಟ್ಟೊಟ್ಟಿಗೆ ಹಿಡಿದರು. "ಇದಕ್ಕೆಷ್ಟು?" ಎಂದು ಕೇಳಿದ. ನಾನು ನಿಜವಾದ ದರದ ಅರ್ಧ ಹೇಳಿದೆ. ಆದರೂ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವೆಲ್ಡಿಂಗ್ ಗಾಜನ್ನು ಲೆನ್ಸಿಗೆ ರಬ್ಬರ್‌ಬ್ಯಾಂಡ್ ಹಾಕಿ ಕಟ್ಟಿ ಇದೇ ಕೆಲಸ ಮಾಡಿಕೊಳ್ಳುವ ಬಡ ಫೋಟೋಗ್ರಾಫರುಗಳು ಲೋಕದಲ್ಲೆಲ್ಲ ಇದ್ದಾರೆ. ಒಂದೇ ತೊಂದರೆ, ಅದು ಎಲ್ಲ ಬಣ್ಣಕ್ಕೂ ಸಮನಲ್ಲ, ಚಿತ್ರವೆಲ್ಲ ಹಸಿರಾಗಿ ಬರುತ್ತದೆ. ಬೆಂಗಳೂರಿನವರಿಗೆ ಅದು ತೊಂದರೆಯಿದ್ದೀತು. ಅಂಕೋಲೆಯಲ್ಲಿ ಆಷಾಢ ಮಾಸದಲ್ಲಿ ತೆಗೆದರೆ ಯಾರಿಗೂ ಗೊತ್ತಾಗುವುದಿಲ್ಲ.

ಆ ಹುಡುಗ ಫಿಲ್ಟರನ್ನು ಸೂರ್ಯನಿಗೇ ಹಿಡಿಯಹೊರಟಾಗ ಮಾತ್ರ ನನ್ನೊಳಗಿನ ಮಾಸ್ತರು ಎದ್ದುನಿಂತ. ಸಾವಿರದ ಗಾಜು ಸೂರ್ಯನನ್ನು ನೋಡಲು ಸಾಲದು. ಅದಕ್ಕೆ ಬೆಳಕನ್ನು ಲಕ್ಷದಲ್ಲಿ ಒಂದು ಪಾಲಿಗೆ ಇಳಿಸುವ ಫಿಲ್ಟರು ಬೇಕು, ಇಲ್ಲವಾದರೆ ವೆಲ್ಡಿಂಗಿನ ಹದಿನಾಲ್ಕನೇ ನಂಬರಿನ ಗಾಜು. ಇದನ್ನು ಹೇಳುತ್ತ ಹೇಳುತ್ತ ನನಗೆ 1980ರ ಫೆಬ್ರವರಿ 16ರ ಶನಿವಾರ ನೆನಪಾಯಿತು. ಅಂದು ಮಧ್ಯಾಹ್ನ ಚಂದ್ರನ ನೆರಳು ಅರಬ್ಬೀ ಸಮುದ್ರದ ಮೇಲಿನಿಂದ ಬಂದು ಭಾರತದ ನೆಲಕ್ಕೆ ಕಾಲಿಟ್ಟದ್ದು ನಮ್ಮ ಅಂಕೋಲೆಯ ದಂಡೆಯಲ್ಲಿ. ಇಲ್ಲಿಂದ ಘಟ್ಟ ಹತ್ತಿ ಹುಬ್ಬಳ್ಳಿ, ರಾಯಚೂರು ಸೀಮೆ ದಾಟಿ ಆಂಧ್ರದ ಮೇಲೆ ಹಾದು ಒಡಿಶಾದ ಪುರಿಯ ಹತ್ತಿರ ಸಮುದ್ರ ಸೇರಿತು. ಖಗೋಳ ವಿಜ್ಞಾನಿಗಳು ರಾಯಚೂರಿನ ಕಡೆಯ ಜವಳಗೇರಾದಲ್ಲಿ ಡೇರೆ ಹಾಕಿ ಕಾದಿದ್ದರು. ನಾನಾಗ ಇಲ್ಲಿಯ ಗೋಖಲೆ ಸೆಂಟಿನರಿ ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದೆ. ಮನೆಯಲ್ಲಿ ಅಜ್ಜಿ ಅಟ್ಟದ ಭರಣಿಗಳ ಮೇಲೆಲ್ಲ ದರ್ಬೆ ಇಟ್ಟು, ವಿಜ್ಞಾನದ ವಿದ್ಯಾರ್ಥಿಯನ್ನು ಒಳಗೆ ತಳ್ಳಿ ಅಗುಳಿ ಹಾಕಿದ್ದಳು. ಬಾಗಿಲ ಸಂದಿಯಿಂದ ಕಂಡದ್ದು ಅಂಗಳ ಮಾತ್ರ. ಮೂರು ನಿಮಿಷಕ್ಕೆ ತುಸು ಕಡಿಮೆ ಹೊತ್ತು ಅಂಗಳ ಇರಲೇ ಇಲ್ಲ. ಸೂರ್ಯನ ಕರೋನಾ ಅದರ ಬಿಂಬಕ್ಕಿಂತ ಸುಮಾರು ಹತ್ತು ಲಕ್ಷ ಪಟ್ಟು ಮಂಕು. ಅಳಿಯನ ಫಿಲ್ಟರನ್ನೇ ಒಂದರ ಮೇಲೊಂದು ಎರಡು ತಿರುಪಿದರೆ ಆಗುವುದೂ ಹೆಚ್ಚುಕಡಿಮೆ ಅಷ್ಟೇ: ಸಾವಿರಕ್ಕೆ ಸಾವಿರ ಗುಣಿಸಿದರೆ ಹತ್ತು ಲಕ್ಷ. ದುಡ್ಡು ಕೊಟ್ಟು ತರುವ ಕತ್ತಲೆ ಒಮ್ಮೆ ನಮ್ಮೂರಿನ ಮೇಲೆ ಪುಕ್ಕಟೆ ಬಿದ್ದಿತ್ತು, ಅದನ್ನು ನೋಡಲು ಬಿಡಲಿಲ್ಲ ನೋಡು ಎಂದು ತಂಗಿಗೆ ಹೇಳಿದೆ. ಅಂದು ಅವಳೂ ಒಳಗೇ ಇದ್ದವಳು. ಕತ್ತಲಲ್ಲಿ ನಾನು ಅವಳ ಜಡೆ ಎಳೆದದ್ದು ಮಾತ್ರ ಅವಳಿಗೆ ನೆನಪಿದೆ.

ಪಂಕ್ಚರ್ ಅಂಗಡಿಯ ಬೆಂಚಿನ ಮೇಲೆ ಕೂತು ಚಾ ಕುಡಿಯುತ್ತ ಕ್ರಾಸನ್ನು ನೋಡುತ್ತಿದ್ದಾಗ ಪ್ಯಾರಿಸಿನ ಚಿತ್ರ ತಲೆಗೆ ಬಂತು. 1838ರಲ್ಲಿ ಡಾಗೇರ್ ಎಂಬಾತ ತನ್ನ ಮನೆಯ ಮೇಲಿನಿಂದ ಬುಲ್ವಾರ್ ದ್ಯು ತಾಂಪ್ಲ್ ಎಂಬ ಬೀದಿಯನ್ನು ತೆಗೆದ. ಗಾಡಿ, ಕುದುರೆ, ಜನ ಎಂದು ಗಿಜಿಗುಡುವ ಬೀದಿ. ಆದರೆ ಅವನ ತಗಡಿಗೆ ಬೆಳಕು ಹತ್ತಲು ಹಲವು ನಿಮಿಷ ಬೇಕಿದ್ದರಿಂದ ಓಡಾಡಿದವರು ಒಬ್ಬರೂ ಮೂಡಲಿಲ್ಲ. ಬೀದಿ ಭಣಭಣ. ಮೂಲೆಯಲ್ಲಿ ಒಬ್ಬ ಮಾತ್ರ ಬೂಟು ಪಾಲಿಶ್ ಮಾಡಿಸಿಕೊಳ್ಳಲು ಕಾಲೆತ್ತಿ ನಿಂತಿದ್ದ, ಅವನೂ ಅವನ ಕಾಲ ಬಳಿ ಕೂತವನೂ ಉಳಿದರು. ಫೋಟೋದಲ್ಲಿ ಮನುಷ್ಯ ಕಾಣಿಸಿಕೊಂಡದ್ದು ಅದೇ ಮೊದಲು ಎನ್ನುತ್ತಾರೆ. ಜಪಾನಿನ ಹಿರೋಶಿ ಸುಗಿಮೊಟೊ ಮುಂದೆ ಇದನ್ನೇ ಬೇಕೆಂದು ಮಾಡಿದ: ಸಿನಿಮಾ ಶುರುವಾದಾಗ ಕ್ಯಾಮೆರಾ ತೆರೆದಿಟ್ಟು, ಮುಗಿದಾಗ ಮುಚ್ಚಿದ. ಇಡೀ ಸಿನಿಮಾ ಸೇರಿ ಪರದೆಯ ಮೇಲೆ ಬರಿ ಬಿಳುಪು. ಯಕ್ಷಗಾನಕ್ಕೆ ಹೀಗೆ ಮಾಡಿದರೆ ಹೇಗಿದ್ದೀತು? ಸಂಜೆಯಿಂದ ಬೆಳಗಿನವರೆಗೆ ಕುಣಿದ ಕೌರವ ಪಾಂಡವರಿಬ್ಬರೂ ಮಾಯ. ಕೂತೇ ಇರುವ ಭಾಗವತರು ಅಷ್ಟಿಷ್ಟು ಕಂಡಾರು. ತಲೆಕೂದಲಿನ ಸಮೇತ ಸ್ಪಷ್ಟವಾಗಿ ಮೂಡುವವರೆಂದರೆ ಮುಂದಿನ ಸಾಲಿನಲ್ಲಿ ನಿದ್ದೆ ಹೋದವರು.

ಬಾಳೆಗುಳಿಗಿಂತ ಒಳ್ಳೆಯ ಜಾಗ ಈ ಗಾಜಿಗೆ ಬೇರೆ ಇಲ್ಲವೆಂದು ಆಗ ಹೊಳೆಯಿತು. ಮಾರನೆಯ ಸಂಜೆಯಿಂದಲೇ ಅಲ್ಲಿ ಸ್ಟ್ಯಾಂಡು ನೆಡತೊಡಗಿದೆ. ವೆಲ್ಡಿಂಗಿನವನು ಬಂದವರಿಗೆಲ್ಲ "ಸರ್ವೆ ಅಲ್ಲ, ಫೋಟೋ" ಎಂದು ತಾನೇ ಹೇಳುವಷ್ಟು ಪಳಗಿದ.

ಈ ಕ್ರಾಸಿಗೆ ಮಾಯ ಮಾಡುವುದು ಹೊಸದೇನಲ್ಲ. ಗಣಿಯ ಭರಾಟೆಯ ಕಾಲದಲ್ಲಿ ಬಳ್ಳಾರಿ, ಹೊಸಪೇಟೆ ಕಡೆಯಿಂದ ಬೇಲೇಕೇರಿ ಬಂದರಿಗೆ ಅದಿರು ಹೊತ್ತ ಲಾರಿಗಳು ಹಗಲೂ ರಾತ್ರಿ ಇಲ್ಲಿ ತಿರುಗುತ್ತಿದ್ದವು. ಮರ, ಮನೆ, ಒಣಹಾಕಿದ ಬಟ್ಟೆ ಎಲ್ಲ ಕೆಂಪು. ಸೂರ್ಯನೂ ಧೂಳಿನೊಳಗಿಂದ ಮಂಕಾಗಿಯೇ ಕಾಣುತ್ತಿದ್ದ. ಕೊನೆಗೆ 2010ರಲ್ಲಿ, ವಶಪಡಿಸಿಕೊಂಡು ಬಂದರಿನಲ್ಲಿ ಇಟ್ಟಿದ್ದ ಅದಿರೇ ಲಕ್ಷಗಟ್ಟಲೆ ಟನ್ ಕಾಣೆಯಾಯಿತು. ಅದಕ್ಕೆ ಎಷ್ಟು ಸ್ಟಾಪಿನ ಗಾಜು ಹಾಕಿದ್ದರೋ!

ನನ್ನದರಲ್ಲಿ ಲಾರಿ ಮಾತ್ರ ಹೋಗುತ್ತದೆ. ಹದಿನಾಲ್ಕು ಚಕ್ರದ್ದು, ಇಪ್ಪತ್ತೆರಡು ಚಕ್ರದ್ದು, ಪಂಜಾಬಿನದು, ರಾಜಸ್ಥಾನದ್ದು, ಸದ್ದಿನಿಂದ ನೆಲ ನಡುಗಿಸಿ ತಿರುಗುತ್ತವೆ. ಚಿತ್ರದಲ್ಲಿ ರಸ್ತೆ ಖಾಲಿ. ಮಬ್ಬುಗತ್ತಲಾದಮೇಲೆ ತೆಗೆದದ್ದರಲ್ಲಿ ತಿರುಗುವ ಲಾರಿಯ ಬ್ಲಿಂಕರ್ ಮಾತ್ರ ಗಾಳಿಯಲ್ಲಿ ಕಿತ್ತಳೆ ಚುಕ್ಕಿಗಳ ಕಮಾನು ಬರೆದು ಹೋಗಿತ್ತು, ಲಾರಿ ಇರಲಿಲ್ಲ. ಬಸ್ಸಿಗೆ ಕಾಯುವವರದ್ದು ಇನ್ನೂ ಮಜಾ. ಅವರ ಕಾಲು ಸ್ಪಷ್ಟ, ಚೀಲ ಸ್ಪಷ್ಟ, ತಲೆ ಮಾತ್ರ ಹೊಗೆ. ಕಾಲು ಕದಲಿಸದೆ ಅವರು ಕತ್ತನ್ನಷ್ಟೇ ಹೊರಳಿಸಿ, ಹುಬ್ಬಳ್ಳಿ ಬಸ್ಸು ಬಂತೇ ಎಂದು ಕ್ಷಣಕ್ಕೊಮ್ಮೆ ಇಣುಕುತ್ತಾರೆ. ಮೊಬೈಲು ನೋಡುತ್ತ ನಿಂತವರು ಅಡಿಯಿಂದ ಮುಡಿಯವರೆಗೆ ಸ್ಪಷ್ಟ. ಎಲ್ಲರಿಗಿಂತ ಸ್ಪಷ್ಟವಾಗಿ ಬರುವವರು ಫ್ಲೆಕ್ಸಿನಲ್ಲಿ ಕೈಮುಗಿದು ಹುಟ್ಟುಹಬ್ಬದ ಶುಭಾಶಯ ಸ್ವೀಕರಿಸುವ ಮುಖಂಡರು. ಎರಡು ನಿಮಿಷವಲ್ಲ, ಐದು ವರ್ಷ ತೆರೆದಿಟ್ಟರೂ ಅವರು ಹಾಗೆಯೇ ಬಂದಾರು.

ಹುಬ್ಬಳ್ಳಿ ರಸ್ತೆಯ ಬದಿಗೆ ಅಜ್ಜಿಯೊಬ್ಬಳು ಮಾವಿನ ಬುಟ್ಟಿ ಇಟ್ಟುಕೊಂಡು ಕೂರುತ್ತಾಳೆ. ಕೊರಳು ತುಂಬ ಮಣಿಸರ, ಹಾಲಕ್ಕಿಗಳ ಉಡುಗೆ. ಮೇ ತಿಂಗಳೆಂದರೆ ಅಂಕೋಲೆಯವರಿಗೆ ಕರಿ ಇಶಾಡ. ತೆಳು ಸಿಪ್ಪೆ, ಬಾಯಿ ತುಂಬ ರಸ, ಎರಡು ದಿನ ಹೆಚ್ಚು ಇಟ್ಟರೆ ಕೈಕೊಡುವ ಹಣ್ಣು. 2023ರಲ್ಲಿ ಅದಕ್ಕೆ ಜಿಐ ಪಟ್ಟವೂ ಬಂದಿದೆ. ಅಜ್ಜಿಗೆ ಜಿಐ ಗೊತ್ತಿಲ್ಲ, ದರ ಗೊತ್ತಿದೆ. ಅವಳು ಕೂತರೆ ಕೂತಳು, ಅಲ್ಲಾಡುವ ಪೈಕಿ ಅಲ್ಲ. ಕೇಳಿಕೊಂಡು, ಸಂಜೆಯ ಇಳಿಬಿಸಿಲಿಗೆ ಎರಡು ನಿಮಿಷದ ಚಿತ್ರಕ್ಕೆ ಕ್ಯಾಮೆರಾ ತೆರೆದೆ. ನಡುವೆ ಬೈಕಿನವನೊಬ್ಬ ಬಂದ. ಎಂಜಿನ್ ಆರಿಸಲಿಲ್ಲ, ದರವನ್ನೂ ಕೇಳಲಿಲ್ಲ, ಕಾಯಂ ಗಿರಾಕಿಯಿರಬೇಕು. ಡಜನ್ ಹಣ್ಣು ಚೀಲಕ್ಕೆ ಬಿದ್ದವು, ನೋಟು ಕೈ ಬದಲಾಯಿತು, ಬುರ್ರನೆ ಹೋದ.

ಚಿತ್ರವನ್ನು ಅಜ್ಜಿಗೆ ತೋರಿಸಿದೆ. ಮಣಿಸರದ ಒಂದೊಂದು ಎಳೆ, ಹಣೆಯ ಒಂದೊಂದು ಗೆರೆ ಎಣಿಸುವಂತಿತ್ತು. ಬೈಕಿನವನ ಜಾಗದಲ್ಲಿ ಮುಸುಕು ಮಬ್ಬು. ಬುಟ್ಟಿಯ ಕೆಳಗಿನ ಹಣ್ಣುಗಳು ಗಟ್ಟಿ, ಮೇಲಿನ ಹನ್ನೆರಡು ಅರ್ಧ ಇವೆ, ಅರ್ಧ ಇಲ್ಲ; ಅವುಗಳ ಒಳಗಿಂದ ಅಡಿಯ ಹಣ್ಣಿನ ತೊಟ್ಟು ಕಾಣುತ್ತಿತ್ತು. ಅಜ್ಜಿ ಅದ್ಯಾವುದನ್ನೂ ನೋಡಲಿಲ್ಲ.

"ನನ್ ಬಲಗೈ ಎಲ್ಲದೆ ತಮಾ?"

ಬಲಗೈಯಲ್ಲಿ ಹಾಳೆಯ ತುಂಡು ಹಿಡಿದು ಆಕೆ ನೊಣ ಓಡಿಸುತ್ತಲೇ ಇದ್ದಳು. ಮೊಣಕೈಯಿಂದ ಆಚೆ ಏನೂ ಮೂಡಿರಲಿಲ್ಲ. ಅಲ್ಲಾಡಿದ್ದು ಇದರಲ್ಲಿ ಬರುವುದಿಲ್ಲ ಅಜ್ಜಿ, ನೋಡು ಆ ಬೈಕಿನವನೂ ಬಂದಿಲ್ಲ ಎಂದು ವಿವರಿಸಿದೆ. ಅವಳು ಚಿತ್ರವನ್ನೊಮ್ಮೆ, ಸೊಂಟದ ಸಂಚಿಯನ್ನೊಮ್ಮೆ ನೋಡಿಕೊಂಡಳು.

"ಫೋಟೋದಲ್ಲಿ ಇಲ್ದವ ಒಂದ್ ಡಜನ್ ತಕಂಡು ಹೋದ. ಫೋಟೋ ತೆಗದವ್ರು ಒಂದ್ ವಾರದಿಂದ ಬರಿ ನಿಂತ್ಕಂಡೇ ಅವ್ರೆ."

ಡಜನ್‌ಗೆ ಎಷ್ಟು ಎಂದು ಕೇಳಿದೆ. ಬೆಂಗಳೂರಿನ ಕಾರಿನವರಿಗೆ ಹೇಳುವ ದರವನ್ನೇ ಹೇಳಿದಳು.